ದೀಪದ ಬೀಗರು

ನಮ್ಮ ಊರಿನಲ್ಲಿ ತನಗಾಗಿ ಹಚ್ಚಿಕೊಂಡ ದೀಪ ನಿಲ್ಲುತ್ತಿರಲಿಲ್ಲ. ಕೂಸಿಗೆ ಜ್ವರ ಬಂತೆಂದು ತಾಯಿ ಎಷ್ಟೇ ತುಪ್ಪ ಸುರಿದು ದೇವರ ಮುಂದೆ ಹಚ್ಚಲಿ, ಕೈ ಹಿಂದೆ ತೆಗೆಯುವಷ್ಟರಲ್ಲಿ ಆರಿ ಹೋಗುತ್ತಿತ್ತು. ಗಂಡನಿಗೆ ಹೆಂಡತಿ, ಅಣ್ಣನಿಗೆ ತಮ್ಮ, ಪಕ್ಕದ ಮನೆಗೆ ಪಕ್ಕದ ಮನೆ, ಯಾರು ಹಚ್ಚಿದರೂ ಅಷ್ಟೇ. ಬರೀ ಬೆಳಕಿಗೆಂದು ಹಚ್ಚಿದ ದೀಪಕ್ಕೆ ಈ ತಕರಾರು ಇರಲಿಲ್ಲ. ಬೇಡಿಕೊಂಡು ಹಚ್ಚಿದ್ದಕ್ಕೆ ಮಾತ್ರ. ಬೇರೆಯವರಿಗೆ, ನಿಜವಾಗಿ ಬೇರೆಯವರಿಗೆ ಒಳ್ಳೆಯದಾಗಲಿ ಎಂದು ಹಚ್ಚಿದ್ದು ಎಣ್ಣೆ ತೀರುವ ತನಕ ಉರಿಯುತ್ತಿತ್ತು, ಬೇಡಿದ್ದೂ ಬಹುಮಟ್ಟಿಗೆ ಕೈಗೂಡುತ್ತಿತ್ತು. ಅದಕ್ಕೇ ನಮ್ಮ ಹಿರಿಯರು ಗುಡಿ ಓಣಿಯ ಒಂದೊಂದು ಮನೆಯನ್ನು ಮಸೀದಿ ಓಣಿಯ ಒಂದೊಂದು ಮನೆಗೆ ಗಂಟು ಹಾಕಿಟ್ಟಿದ್ದರು. ನಮ್ಮ ಕಷ್ಟಕ್ಕೆ ಅವರು ದರ್ಗಾದಲ್ಲಿ ಹಚ್ಚಬೇಕು, ಅವರ ಕಷ್ಟಕ್ಕೆ ನಾವು ಗುಡಿಯಲ್ಲಿ ಹಚ್ಚಬೇಕು. ಇಂಥ ಮನೆಗಳವರಿಗೆ ದೀಪದ ಬೀಗರು ಅನ್ನುತ್ತಿದ್ದೆವು.

ಹೆಣ್ಣು ನೋಡಲು ಬಂದವರು ಬಂಗಾರ ಕೇಳುವ ಮೊದಲು ‘ನಿಮ್ಮ ದೀಪದ ಬೀಗರು ಯಾರ‍್ರಿ, ಚಲೋ ಮಂದೀನ?’ ಎಂದು ಕೇಳುತ್ತಿದ್ದರು. ಬೀಗರ ಜೊತೆ ಜಗಳ ಆಡಿದವನು ಹಲ್ಲುನೋವು ಬಂದ ದಿನ ಮೋರೆ ಸಣ್ಣದು ಮಾಡಿಕೊಂಡು ಅವರ ಓಣಿಯಲ್ಲಿ ಸುಮ್ಮನೆ ಅಡ್ಡಾಡುವುದನ್ನು ನೋಡಿ ನಾವು ನಗುತ್ತಿದ್ದೆವು. ಒಂದು ನಿಯಮ ಮಾತ್ರ ಬಹಳ ಬಿಗಿ. ದೀಪದ ಬೀಗರು ಒಬ್ಬರ ಹೊಸ್ತಿಲು ಇನ್ನೊಬ್ಬರು ದಾಟಬಾರದು, ಒಬ್ಬರ ಮನೆಯ ಕೂಳು ಇನ್ನೊಬ್ಬರು ಉಣ್ಣಬಾರದು. ಅಂಗಳದಲ್ಲಿ ನಿಂತು ಕಷ್ಟ ಹೇಳಿಕೊಂಡು, ತಂಬಿಗೆ ನೀರು ಕುಡಿದು ಹೋಗಬೇಕು. ಇದು ಜಾತಿಯ ಮಡಿ ಇರಬೇಕೆಂದು ನಾವು ತಿಳಿದಿದ್ದೆವು. ಕಾರಣ ಯಾರಿಗೂ ನೆನಪಿರಲಿಲ್ಲ. ನೆನಪಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ನಾನು ಗಾಣದವನು, ಗುರುಪಾದಪ್ಪ. ಶಾಲೆಗೆ ಹೋದವನಲ್ಲ. ಹಿಂಡಿ ಕಟ್ಟಿಕೊಡಲು ತಂದ ರದ್ದಿ ಪತ್ರಿಕೆಗಳ ಮೇಲೆ ಅಕ್ಷರ ಕಲಿತು, ಎತ್ತು ತಿರುಗುವಾಗ ಅದರ ಹಿಂದೆ ತಿರುಗುತ್ತ ಗಟ್ಟಿಯಾಗಿ ಓದುವ ಚಟ ಹತ್ತಿಸಿಕೊಂಡವನು. ನಮ್ಮ ದೀಪದ ಬೀಗರು ನದಾಫರ ಮನೆಯವರು. ಅರಳೆ ಹಿಂಜುವುದು ಅವರ ಕಸುಬು. ನಮ್ಮ ಎಣ್ಣೆ, ಅವರ ಬತ್ತಿ. ಊರಿನ ಎಲ್ಲ ದೀಪಗಳಿಗೂ ನಾವೇ ತಾಯಿ ತಂದೆ ಎಂದು ದಸ್ತಗೀರ ಹೇಳುತ್ತಿದ್ದ. ‘ಯಾರು ತಾಯಿ, ಯಾರು ತಂದಿ?’ ಅಂತ ನಾನು ಕೇಳಿದರೆ, ‘ಹೊಲಸು ಮೈಯವ ತಂದಿ’ ಎಂದು ನನ್ನ ಎಣ್ಣೆ ಅಂಗಿಯನ್ನು ತೋರಿಸುತ್ತಿದ್ದ. ಅವನು ನನ್ನ ವಯಸ್ಸಿನವನು. ಅವನ ತಾಯಿ ಇಮಾಂಬಿ ನನ್ನ ಮದುವೆಗೂ ಮೊದಲ ಮಗಳ ಬಾಣಂತನಕ್ಕೂ ದರ್ಗಾದಲ್ಲಿ ಹಚ್ಚಿದವಳು.

ಸ್ವರಾಜ್ಯದ ಗಾಳಿ ನಮ್ಮ ಊರಿಗೆ ಬಂದದ್ದು ಇಬ್ಬರ ಬಾಯಲ್ಲಿ. ವಕೀಲಿ ಬಿಟ್ಟು ಬಂದಿದ್ದ ತಿರುಮಲರಾಯರು ಒಬ್ಬರು, ಎಲ್ಲಿಯೋ ದೂರದಿಂದ ಬಂದು ಮಸೀದಿ ಓಣಿಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದ ಮೌಲವಿ ಸಿರಾಜುದ್ದೀನ ಸಾಹೇಬರು ಇನ್ನೊಬ್ಬರು. ಇಬ್ಬರೂ ಬಜಾರದ ಕಟ್ಟೆಯ ಮೇಲೆ ಒಂದೇ ಕಂಬಳಿ ಹಾಸಿಕೊಂಡು ಕೂತರು. ಇಬ್ಬರೂ ರೊಕ್ಕದ ಮಾತು, ತೆರಿಗೆಯ ಮಾತು ಆಡಲಿಲ್ಲ. ದೇವರ ಮಾತು ಆಡಿದರು. ಅದಕ್ಕೇ ಇರಬೇಕು ಜನ ಎದ್ದು ಹೋಗಲಿಲ್ಲ.

ರಾಯರು ಹೇಳಿದರು: ‘ಈ ದೇಶ ಬರೇ ಮಣ್ಣಲ್ಲ, ತಾಯಿ. ತಾಯಿ ಅಷ್ಟ ಅಲ್ಲ, ದೇವಿ. ದೇವೀಗೆ ಬೇಡಿ ಹಾಕಿದವನ ಮುಂದ ಭಕ್ತ ಆದವ ಕೈಕಟ್ಟಿ ನಿಲ್ಲಬಹುದೇನು?’

ಮೌಲವಿ ಸಾಹೇಬರ ಕನ್ನಡ ತಡವರಿಸುತ್ತಿತ್ತು, ಆದರೂ ನೆಟ್ಟಗೆ ಬಂದು ನಾಟುತ್ತಿತ್ತು. ‘ದಿನಕ್ಕೆ ಐದು ಸಲ ಒಬ್ಬನ ಮುಂದೆ ಬಾಗುವ ತಲೆ ಇದು. ಕಲೆಕ್ಟರನ ಮುಂದೆಯೂ ಬಾಗಿದರೆ ಆ ಐದು ಸಲದ್ದು ಏನಾಯಿತು? ಸುಳ್ಳಾಯಿತು.’

ಹೆಂಗಸರ ಸಾಲಿನಿಂದ ಇಮಾಂಬಿ ಎದ್ದು ನಿಂತಳು. ‘ತಾಯಿ ಅಂತೀರಿ, ಆತು. ನಾನೂ ತಾಯಿನ ಅದೀನಿ. ದೇವಿ ಅಂದ್ರ ನಮಗ ಕಷ್ಟ ಆಕ್ಕೈತ್ರಿ ರಾಯರ. ಕೈ ಮುಗಿಯಾಕ ಬರಂಗಿಲ್ಲ.’

ರಾಯರು ಆಕೆಯ ಕಡೆ ತಿರುಗಿದರು. ‘ಮುಗೀಬ್ಯಾಡವಾ. ತಾಯಿ ಮುದುಕಿ ಆದಾಗ ಮಕ್ಕಳು ಏನು ಮಾಡತಾರ? ಸಾಕತಾರಲ್ಲ. ಹಂಗ ಸಾಕು.’

‘ಹಂಗಾರ ಆತು. ಇಷ್ಟು ಮೊದಲ ಹೇಳಬಾರದ?’ ಎಂದು ಆಕೆ ಕೂತಳು.

ನನಗೆ ಮೌಲವಿ ಸಾಹೇಬರ ಮಾತಿನ ಮೇಲೆ ಆಸೆಯಾಗಿತ್ತು. ‘ಸಾಹೇಬ್ರ, ಬಾಗೋ ತಲಿ ಮಾತು ಭಾಳ ಚಲೋ ಐತಿ. ನಮಗೂ ಅದರಾಗ ಒಂದೀಟು ಕೊಡ್ರಿ. ನಮ್ಮ ದೇವರು ಮಂದಿ ಜಾಸ್ತಿ, ಖರೆ. ಆದ್ರ ಆ ಮಂದ್ಯಾಗೂ ಕಲೆಕ್ಟರ್ ಇಲ್ಲ’ ಅಂದೆ. ಮೌಲವಿ ಸಾಹೇಬರು ನಗುವುದನ್ನು ನಾನು ನೋಡಿದ್ದು ಅದೇ ಮೊದಲು. ಗಡ್ಡ ಎಲ್ಲ ಅಲುಗಿತು.

ಮಾತು ಮುಗಿದ ಮೇಲೆ ಕಟ್ಟೆಯ ಕಲ್ಲುಕಂಬದ ಮೇಲೆ ದೊಡ್ಡ ಹಣತೆ ಇಟ್ಟರು. ರಾಯರು ‘ನಮಗೆ ಸ್ವರಾಜ್ಯ ಬರಲಿ’ ಎಂದು ಹಚ್ಚಿದರು. ಆರಿತು. ಮೌಲವಿ ಸಾಹೇಬರು ತಮ್ಮ ಮಾತಿನಲ್ಲಿ ಅದನ್ನೇ ಬೇಡಿ ಹಚ್ಚಿದರು. ಆರಿತು. ಊರ ಮಂದಿ ಬಾಯಿಗೆ ಸೆರಗು, ರುಮಾಲು ಹಿಡಿದುಕೊಂಡು ನಗುತ್ತಿದ್ದರು. ಓದಿದವರಿಗೆ ಇದು ಹೊಸದು, ನಮಗಲ್ಲ. ದಸ್ತಗೀರನೇ ಹೋಗಿ ಇಬ್ಬರ ಕಿವಿಯಲ್ಲೂ ಊರಿನ ರೀತಿ ಹೇಳಿದ. ಆಗ ಮೌಲವಿ ಸಾಹೇಬರು, ಗುಡಿ ಓಣಿಯವರ ತಲೆ ಎಂದೂ ಯಾರ ಮುಂದೂ ಬಾಗದಿರಲಿ ಎಂದು ಬೇಡಿದರು. ರಾಯರು, ಮಸೀದಿ ಓಣಿಯವರ ನಮಾಜು ಎಂದೂ ಸುಳ್ಳಾಗದಿರಲಿ ಎಂದರು. ಇಬ್ಬರೂ ಸೇರಿ ಕಡ್ಡಿ ಹಿಡಿದರು. ಬತ್ತಿ ಒಂದು ಸಲ ಚಿಟಿಚಿಟಿ ಅಂದು, ಗೇಣುದ್ದ ಎದ್ದು ನಿಂತಿತು.

ಆ ವರ್ಷವನ್ನು ನೆನೆಸಿಕೊಂಡರೆ ಈಗಲೂ ನನ್ನ ಎದೆ ಬೆಚ್ಚಗಾಗುತ್ತದೆ. ದಿನಾ ಸಂಜೆ ನಾನು ಎಣ್ಣೆ ಒಯ್ಯುತ್ತಿದ್ದೆ, ದಸ್ತಗೀರ ಬತ್ತಿ ತರುತ್ತಿದ್ದ. ಅವನ ಅರಳೆ ಹಿಂಜುವ ಬಿಲ್ಲಿನ ನಾದ ಹಗಲೆಲ್ಲ ಓಣಿಗಳನ್ನು ತುಂಬುತ್ತಿತ್ತು. ಅವನು ಹಿಂಜಿದ ಅರಳೆಯ ಹಂಜಿ ಎರಡೂ ಓಣಿಯ ನೂಲುವ ರಾಟಿಗಳಿಗೆ ಹೋಗುತ್ತಿತ್ತು. ದೀಪ ಆರಿಸೆಂದು ಫೌಜದಾರನಿಗೆ ಮೇಲಿನಿಂದ ಹುಕುಂ ಬಂತು. ಅವನು ಕೊಡ ತುಂಬ ನೀರು ಹೊರಿಸಿಕೊಂಡು ಬಂದ, ದೀಪವನ್ನು ನೋಡಿದ, ಆಮೇಲೆ ಇಮಾಂಬಿಯನ್ನು ಪಕ್ಕಕ್ಕೆ ಕರೆದು ತನ್ನ ಹೆಂಡತಿಯ ಹೆರಿಗೆಗೆ ಒಂದು ಹಚ್ಚುತ್ತೀಯಾ ಎಂದು ಕೇಳಿದ. ಆಕೆ ಹಚ್ಚಿದಳು. ನೀರನ್ನು ಕಟ್ಟೆಯ ಬೇವಿನ ಬುಡಕ್ಕೆ ಹಾಕಿ ಹೋದ.

ಒಂದು ದಿನ ರಾಯರು ಅಂದರು, ‘ಒಂದ ತಾಯಿ ಮಕ್ಕಳು ಹೊಸ್ತಿಲ ಹೊರಗ ನಿಂತು ನೀರು ಕುಡಿಯೋದು ಎಂಥಾ ಸ್ವರಾಜ್ಯ?’ ಮೌಲವಿ ಸಾಹೇಬರೂ ಹೌದೆಂದರು. ನನಗೆ ಆ ಮಾತು ಎಷ್ಟು ದಿನದಿಂದ ಬೇಕಾಗಿತ್ತೋ! ಆ ಸಂಜೆಯೇ ದಸ್ತಗೀರ ನಮ್ಮ ಹೊಸ್ತಿಲು ದಾಟಿ ಒಳಗೆ ಬಂದ. ನನ್ನ ಹೆಂಡತಿ ಶಾವಂತ್ರೆವ್ವ ರೊಟ್ಟಿ ಬಡಿಯುತ್ತ, ‘ಏನಣ್ಣಾ, ನಮ್ಮ ಒಲಿ ಹಿಂಗೈತಿ ನೋಡು, ಭಾಳ ದೊಡ್ಡದು ಅಂತ ತಿಳಿದಿದ್ದೇನು?’ ಅಂದಳು. ಅವನು ಪುಂಡಿಪಲ್ಯದ ಮೇಲೆ ಕುಸುಬಿ ಎಣ್ಣೆ ಹಾಕಿಸಿಕೊಂಡು ತಿಂದು, ‘ಇಷ್ಟು ವರ್ಷ ಬರೇ ನೀರು ಕುಡಿಸಿ ಕಳಿಸೀದಿ ಮಗನ’ ಎಂದು ನನ್ನನ್ನು ಬೈದ. ಊರೆಲ್ಲ ಹೀಗೇ ಆಯಿತು. ಹಬ್ಬದ ಶಾವಿಗೆ, ಹಬ್ಬದ ಹೋಳಿಗೆ ಓಣಿಯಿಂದ ಓಣಿಗೆ ಓಡಾಡಿದವು. ಇಮಾಂಬಿ ನನಗೆ ಬರೀ ಅವ್ವ ಆದಳು.

ಹಾಗೆ ಒಂದು ಚಳಿಗಾಲದ ಸಂಜೆ, ಎಣ್ಣೆ ತುಂಬಿದ್ದಾಗ, ಗಾಳಿ ಇಲ್ಲದಾಗ, ಎಲ್ಲರೂ ನೋಡುತ್ತಿದ್ದಂತೆ ಕಟ್ಟೆಯ ದೀಪ ಆರಿ ಹೋಯಿತು.

ಮೊದಲು ನನ್ನ ಎಣ್ಣೆಯನ್ನು ಬೈದರು, ಆಮೇಲೆ ದಸ್ತಗೀರನ ಬತ್ತಿಯನ್ನು. ಎರಡನ್ನೂ ಬದಲಿಸಿ ಹಚ್ಚಿದರು. ರಾಯರು, ಮೌಲವಿ ಸಾಹೇಬರು ಮತ್ತೆ ಸೇರಿ ಕಡ್ಡಿ ಹಿಡಿದರು. ನಿಲ್ಲಲಿಲ್ಲ. ನಮ್ಮ ಊರಿನಲ್ಲಿ ಆರಿದ ದೀಪಕ್ಕೆ ಒಂದೇ ಅರ್ಥ: ಹಚ್ಚಿದವನು ಒಳಗೊಳಗೆ ತನಗಾಗಿ ಬೇಡುತ್ತಿದ್ದಾನೆ. ‘ಮೇಲೆ ನಮಗ ಅಂತ ಹೇಳಿ ಒಳಗ ತಮ್ಮ ರಾಜ್ಯ ಬೇಡ್ಯಾರ’ ಎಂದು ಗುಡಿ ಓಣಿಯಲ್ಲಿ ಯಾರೋ ಅಂದರು. ಅದೇ ಮಾತನ್ನು ಅದೇ ಹೊತ್ತಿಗೆ ಮಸೀದಿ ಓಣಿಯಲ್ಲೂ ಅಂದರು. ರಾಯರು ಮತ್ತು ಮೌಲವಿ ಸಾಹೇಬರು ಒಬ್ಬರನ್ನೊಬ್ಬರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬಹಳ ಮರ್ಯಾದೆಯಿಂದ ಕಂಬಳಿ ಮಡಚಿ ಇಟ್ಟು, ತಮ್ಮ ತಮ್ಮವರನ್ನು ಬೇರೆ ಬೇರೆ ಕರೆದು ಸಭೆ ಮಾಡತೊಡಗಿದರು. ದೇವಿ ಮತ್ತೆ ದೇವಿಯಾದಳು. ಬಾಗುವ ತಲೆಯ ಮಾತನ್ನು ನಮಗೆ ಯಾರೂ ಕೊಡಲಿಲ್ಲ.

ಆಮೇಲೆ ಭಜನಾ ಮೇಳದ ಗಲಾಟೆ ಆಯಿತು. ಅಡತಿ ಅಂಗಡಿಯ ರಾಚಪ್ಪ ಶೆಟ್ಟರು ನಮ್ಮ ಓಣಿಯ ಮೇಳದ ಯಜಮಾನರು. ಮಸೀದಿ ಮುಂದೆ ಬಂದಾಗ ತಾಳ ನಿಲ್ಲಿಸಿ ಸುಮ್ಮನೆ ದಾಟುವುದು ಹಿಂದಿನಿಂದ ಬಂದ ರೂಢಿ. ಆ ವರ್ಷ ಶೆಟ್ಟರು ನಿಲ್ಲಿಸಲಿಲ್ಲ. ಆ ಕಡೆ ಕಲ್ಲು ಹಿಡಿದವರು ಎದ್ದು ನಿಂತಿದ್ದರು. ದಸ್ತಗೀರ ನಡುವೆ ನುಗ್ಗಿ ಶೆಟ್ಟರ ಕೈಯಿಂದ ತಾಳ ಕಿತ್ತುಕೊಂಡ, ಮೇಳ ಮಸೀದಿ ದಾಟುವ ತನಕ ಎದೆಗೆ ಒತ್ತಿ ಹಿಡಿದು ಜೊತೆಯಲ್ಲೇ ನಡೆದ, ಆಚೆ ಹೋದ ಮೇಲೆ ಎರಡೂ ಕೈಯಿಂದ ವಾಪಸು ಕೊಟ್ಟ. ಕಲ್ಲು ಬೀಳಲಿಲ್ಲ. ಆದರೆ ಶೆಟ್ಟರು ಆ ತಾಳವನ್ನು ಮತ್ತೆ ಮುಟ್ಟಲಿಲ್ಲ. ‘ನಡು ಬಜಾರದಾಗ ಒಬ್ಬ ಅರಳಿ ಹಿಂಜಾವ ನನ್ನ ಕೈ ತಿರುವಿದ’ ಎಂದು ಹೇಳಿಕೊಂಡು ತಿರುಗಿದರು.

ಕಟ್ಟೆಯ ದೀಪದ ಮುಂದೆ ಆಣೆ ಮಾಡಿ ಎರಡೂ ಓಣಿಯ ಮಂದಿ ಹೆಂಡ ಮಾರುವ ಸೇಂದಿ ಅಂಗಡಿಯ ಮುಂದೆ ಧರಣಿ ಕೂರುತ್ತಿದ್ದರು, ಈಗ ಎಲ್ಲರೂ ಹಿಂದೆ ಸರಿದರು. ದಸ್ತಗೀರ ಒಬ್ಬನೇ ಹೋಗಿ ಕೂತ. ‘ಎಲ್ಲಾ ಮುಗೀತಲ್ಲೋ ದಸ್ತಗೀರ, ಮನೀಗೆ ಬಾ’ ಎಂದು ನಾನು ಕರೆದೆ.

‘ದೀಪ ಆರೇತಿ. ಆಣಿ ಆರಿಲ್ಲಲ್ಲ’ ಅಂದ.

ಒಬ್ಬನೇ ಇದ್ದಾಗ ಹಿಡಿಯುವುದು ಸುಲಭ. ಹಿಡಿದು ಜಿಲ್ಲೆಯ ಜೇಲಿಗೆ ಹಾಕಿದರು. ಕೆಲ ತಿಂಗಳ ಮೇಲೆ ಅಲ್ಲಿಂದ ಬಿಡುಗಡೆಯಾಗಿ ಬಂದ ಒಬ್ಬ ನಮ್ಮ ಗಾಣದ ಮುಂದೆ ನಿಂತು, ‘ನಿಮ್ಮ ನದಾಫಗ ವಿಷಮ ಜ್ವರ. ಮಂದಿ ಗುರ್ತು ಸಿಗವಲ್ದು ಅವಂಗ’ ಎಂದು ಹೇಳಿ ಹೋದ.

ಇಮಾಂಬಿ ತಾಯಿ, ಆಕೆ ಹಚ್ಚಿದರೆ ನಿಲ್ಲುವುದಿಲ್ಲ. ಹಚ್ಚಬೇಕಾದವನು ನಾನು. ಅವತ್ತಿನ ಹೊಸ ಎಣ್ಣೆ ತೆಗೆದುಕೊಂಡು ಗುಡಿಗೆ ಓಡಿದೆ. ದಸ್ತಗೀರ ಬದುಕಲಿ ಎಂದು ಹಚ್ಚಿದೆ. ಆರಿತು. ಬತ್ತಿ ಬದಲಿಸಿ ಮತ್ತೆ ಹಚ್ಚಿದೆ. ಆರಿತು. ಪೂಜಾರಿ ಬೇರೆ ಕಡೆ ನೋಡಿದ. ನಾನು ಮನೆಗೆ ಬರುವಷ್ಟರಲ್ಲಿ ಸುದ್ದಿ ಎರಡೂ ಓಣಿ ಮುಟ್ಟಿತ್ತು: ಗಾಣದ ಗುರುಪಾದಪ್ಪನ ಮನಸ್ಸೂ ಕೆಟ್ಟಿದೆ. ಮಸೀದಿ ಓಣಿಯಲ್ಲಿ ನಾನು ನಡೆದರೆ ಬಾಗಿಲು ಮುಚ್ಚುತ್ತಿದ್ದವು. ಇಮಾಂಬಿಯ ಬಾಗಿಲು ತೆರೆದೇ ಇತ್ತು. ನಾನು ಅಂಗಳದಲ್ಲಿ ನಿಂತೆ. ಒಳಗೆ ಹೋಗಲು ಮುಖ ಇರಲಿಲ್ಲ.

‘ಅವ್ವಾ, ನಿಲ್ಲವಲ್ದು. ನನ್ನ ಹೊಟ್ಟ್ಯಾಗ ಏನು ವಿಷ ಐತೋ ನನಗ ತಿಳೀವಲ್ದು.’

‘ಏನಂತ ಬೇಡಿಕೊಂಡಿ?’

‘ಅವ ಬದುಕಲಿ ಅಂತ. ಅವ ಇಲ್ಲಂದ್ರ ನಾ ಸಂಜೀಕ ಯಾರ ಜೋಡಿ ಕುಂಡ್ರಲಿ, ಯಾರ ಕಡಿಂದ ಬೈಸಿಕೊಳ್ಳಲಿ ಅವ್ವಾ? ಅವನ ಬಿಲ್ಲಿನ ಸಪ್ಪಳ ಇಲ್ಲದ ಎತ್ತು ಸೈತ ಸರಿ ತಿರಗವಲ್ದು.’

ಇಮಾಂಬಿ ನನ್ನನ್ನೇ ನೋಡಿದಳು. ಆಮೇಲೆ ಹಣೆ ಬಡಿದುಕೊಂಡಳು, ಅಳುತ್ತಿದ್ದಳೋ ನಗುತ್ತಿದ್ದಳೋ ಗೊತ್ತಾಗಲಿಲ್ಲ. ‘ಹುಚ್ಚಪ್ಪಾ, ನೀ ಬ್ಯಾರೆ ಆಗಿ ಉಳದೀ ಏನು? ನಿನಗ ನೀನ ಹಚ್ಚಿಕೊಂಡಿ. ನಾ ಹಚ್ಚಿದ್ರ ಹೆಂಗ ಆರತೈತಿ, ಹಂಗ ಆರೇತಿ. ಅದಕ್ಕ ನೋಡು ಹಿರ‍್ಯಾರು ಹೊಸ್ತಿಲ ದಾಟಬ್ಯಾಡ್ರಿ ಅಂದಿದ್ದು.’

ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಕಟ್ಟೆಯ ದೀಪ. ಯಾರ ಮನಸ್ಸೂ ಕೆಟ್ಟಿರಲಿಲ್ಲ. ಒಬ್ಬರ ಒಲೆಯ ಮುಂದೆ ಒಬ್ಬರು ಕೂತು ಉಂಡು, ನಾವು ಬೇರೆಯವರಾಗಿ ಉಳಿದಿರಲಿಲ್ಲ. ಅವರ ಸ್ವರಾಜ್ಯ ಎಂದು ಬೇಡಿದರೂ ಅದು ನಮ್ಮದೇ ಆಗಿತ್ತು. ಒಂದಾದ ದಿನವೇ ಅದು ಆರಿತು, ಆರಿತೆಂದು ನಾವು ಎರಡಾದೆವು.

ಅಳುತ್ತ ಕೂರಲು ಹೊತ್ತಿರಲಿಲ್ಲ. ದಸ್ತಗೀರನಿಗೆ ಈಗ ನಿಜವಾಗಿ ಬೇರೆಯವನಾದವನು ಒಬ್ಬ ಬೇಕು. ‘ಅವನ ಮಾರಿ ಕಂಡ್ರ ಆಗದವರು ಯಾರದಾರ?’ ಎಂದು ಇಮಾಂಬಿ ಕೇಳಿದಳು. ಕೇಳಿದ್ದೇ ಉತ್ತರವೂ ಆಕೆಗೆ ಗೊತ್ತಾಯಿತು. ಸೆರಗು ಹೊದ್ದು ನನ್ನ ಜೊತೆ ಹೊರಟಳು.

ರಾಚಪ್ಪ ಶೆಟ್ಟರು ಅಡತಿಯಲ್ಲಿ ಜೋಳದ ಚೀಲಗಳ ನಡುವೆ ಕೂತಿದ್ದರು. ನಾನು ಹೇಳಿದ್ದನ್ನು ಪೂರಾ ಕೇಳಿ, ‘ನಾ ಯಾಕ ಹಚ್ಚಲಿ? ಅವನ ಹೆಸರು ತಗೊಂಡ್ರ ನನ್ನ ಮೈ ಉರೀತೈತಿ’ ಎಂದರು.

‘ಅದಕ್ಕ ನಿಮ್ಮ ಕಡೆ ಬಂದೀವ್ರಿ’ ಅಂದೆ.

‘ಊರಾಗ ಬ್ಯಾರೆ ವೈರಿ ಇಲ್ಲೇನು ಅವಂಗ?’

‘ಇಲ್ಲರೀ. ನೀವೊಬ್ರ.’

ಶೆಟ್ಟರಿಗೆ ಇದು ಒಂದು ತರಹದ ಮರ್ಯಾದೆಯಂತೆ ಕಂಡಿರಬೇಕು. ಗಂಟಲು ಸರಿ ಮಾಡಿಕೊಂಡು ಎದ್ದರು. ಗುಡಿಯಲ್ಲಿ ಹಚ್ಚಿದರು. ಆರಿತು.

‘ಏನು ಬೇಡಿಕೊಂಡ್ರಿ?’ ಎಂದು ಇಮಾಂಬಿ ಹೊರಗಿನಿಂದ ಕೇಳಿದಳು.

‘ಬದುಕಿ ಬರಲಿ ಅಂತ. ಬಂದು ನನ್ನ ಮುಂದ ನಿಂತು ತಪ್ಪಾತು ಅನ್ನಲಿ ಅಂತ.’

‘ಅದು ನಿಮಗ ಬೇಡಿದ್ದಾತಲ್ಲಪ್ಪಾ.’

ಶೆಟ್ಟರು ಆರಿದ ಬತ್ತಿಯ ಕುಡಿಯನ್ನು ಬೆರಳಿನಿಂದ ತಿರುವಿ ಸರಿ ಮಾಡಿದರು. ಆ ಮುದುಕಿ ಗುಡಿಯ ಮೆಟ್ಟಿಲ ಮೇಲೆ, ಚಪ್ಪಲಿಗಳ ಪಕ್ಕದಲ್ಲಿ, ಅವರ ಬೆನ್ನನ್ನೇ ನೋಡುತ್ತ ನಿಂತಿದ್ದಳು. ‘ಬರಲಿ’ ಎಂದರು ಕೊನೆಗೆ, ಯಾರಿಗೋ ಬೈಯುವ ಹಾಗೆ. ‘ತಪ್ಪಾತು ಅನ್ನಬ್ಯಾಡ. ನನ್ನ ಮಾರೀನೂ ನೋಡಬ್ಯಾಡ. ಅವ್ವನ ಮನೀಗೆ ಬರಲಿ.’ ಕಡ್ಡಿ ಗೀರಿದರು. ದೀಪ ನಿಂತಿತು.

ಶೆಟ್ಟರು ದಿನಾ ಬಂದು ಎಣ್ಣೆ ಹಾಕುತ್ತಿದ್ದರು. ಮೊದಮೊದಲು ಹಾಕಿ ಮೋರೆ ತಿರುವಿಕೊಂಡು ಹೋಗುತ್ತಿದ್ದರು. ಆಮೇಲೆ ಗಾಣದ ಮುಂದೆ ನಿಂತು, ‘ಏನಾರ ಸುದ್ದಿ?’ ಎಂದು ಕೇಳತೊಡಗಿದರು. ಆಮೇಲೆ ಜಿಲ್ಲೆಗೆ ಹೋಗುವ ಗಾಡಿಯವರ ಕೈಯಲ್ಲಿ ಗಂಜಿಗೆಂದು ನವಣಕ್ಕಿ ಕಳಿಸಿದರು. ಒಂದು ದಿನ ಗಾಬರಿಯಿಂದ ಓಡಿ ಬಂದರು. ‘ಗುರುಪಾದಾ, ದೀಪ ಅಲಗಾಡಾಕ ಹತ್ತೇತಿ.’ ನಾನು ಅವರ ಮುಖ ನೋಡಿದೆ. ‘ಶೆಟ್ರ, ನೀವು ಹಾಳಾದ್ರಿ. ಇನ್ನು ನಿಮ್ಮ ಕೈಲೆ ಆಗೂದಿಲ್ಲ’ ಅಂದೆ. ಇನ್ನೊಬ್ಬ ವೈರಿಯನ್ನು ಎಲ್ಲಿಂದ ತರುವುದೆಂದು ಇಮಾಂಬಿಯೂ ಸೇರಿ ಮೂವರೂ ತಲೆ ಕೆಡಿಸಿಕೊಂಡು ಕೂತಿದ್ದಾಗಲೇ, ದಸ್ತಗೀರ ಗಾಡಿಯಿಂದ ಇಳಿದ. ಬಿಲ್ಲಿನ ಹುರಿಯಷ್ಟು ತೆಳ್ಳಗಾಗಿದ್ದ.

ಊರಿಗೆ ಹೇಳಿದೆವು. ಯಾರೂ ನಂಬಲಿಲ್ಲ. ಮೌಲವಿ ಸಾಹೇಬರು ಆಗಲೇ ಬೇರೆ ಊರಿನ ಸಭೆಗೆ ಹೋಗಿಬಿಟ್ಟಿದ್ದರು. ರಾಯರು ಮಾತ್ರ ಕಣ್ಣು ಮುಚ್ಚಿ ಕೇಳಿದರು. ‘ನೀ ಹೇಳೋದು ಖರೆ ಇರಬಹುದೋ ಗುರುಪಾದಪ್ಪ. ಆದ್ರ ಪ್ರೀತೀಲೆ ಆರಿದ್ದು ಯಾವುದು, ಕಪಟದಲೆ ಆರಿದ್ದು ಯಾವುದು ಅಂತ ನಾ ಮಂದೀಗೆ ಹೆಂಗ ತೋರಸಲಿ? ಆರಿದ ದೀಪ ಎರಡಕ್ಕೂ ಒಂದ ಥರ ಕಾಣತದ.’

ಸ್ವರಾಜ್ಯ ಬಂತು. ಕಟ್ಟೆಯ ಮೇಲೆ ಬಾವುಟ ಏರಿತು, ದೀಪ ಹಚ್ಚಲಿಲ್ಲ. ಮಸೀದಿ ಓಣಿಯಿಂದ ಕೆಲವರು ಗಾಡಿ ಕಟ್ಟಿಕೊಂಡು ಹೋದರು. ಅವರ ಬೀಗರು ಅಂಗಳದಲ್ಲಿ ನಿಂತು ನೋಡಿದರು. ಈಗ ಊರು ಬೆಳೆದಿದೆ. ಹೊಸ್ತಿಲನ್ನು ಯಾರೂ ದಾಟುವುದಿಲ್ಲ, ನೀರೂ ಕೇಳುವುದಿಲ್ಲ. ಕಲ್ಲುಕಂಬ ಹಾಗೇ ನಿಂತಿದೆ. ಎರಡೂ ಓಣಿಯವರು ಈಗ ಎಷ್ಟು ಬೇರೆಯಾಗಿದ್ದಾರೆಂದರೆ, ಹಚ್ಚಿದರೆ ಆ ದೀಪ ವರ್ಷಗಟ್ಟಲೆ ಉರಿಯುತ್ತದೆ ಎಂದು ನನಗೆ ಗೊತ್ತು. ಹಚ್ಚುವವರಿಲ್ಲ.

ನನ್ನ ಕಣ್ಣಿಗೆ ಪೊರೆ ಬಂದಿದೆ. ಮೊನ್ನೆ ದಸ್ತಗೀರ ಬಂದು, ರೀತಿ ಅಂದ ಮೇಲೆ ರೀತಿ ಎಂದು ಕೈ ಹಿಡಿದು ದರ್ಗಾಕ್ಕೆ ಕರೆದುಕೊಂಡು ಹೋದ. ಅವನ ಮೊಣಕಾಲು ನನ್ನ ಕಣ್ಣಿಗಿಂತ ಕಡೆ. ಇಬ್ಬರೂ ಸೇರಿ ಒಬ್ಬ ಮನುಷ್ಯನಷ್ಟು ನಡೆಯುತ್ತೇವೆ. ಕಡ್ಡಿ ಗೀರಿದ ಸಪ್ಪಳ ಕೇಳಿತು. ಸ್ವಲ್ಪ ಹೊತ್ತಿಗೆ ಆರಿದ ಬತ್ತಿಯ ಹೊಗೆಯ ವಾಸನೆ ಬಂತು.

‘ಆರಿತೇನು?’

‘ಆರಿತು.’

‘ಗಾಳೀಗೇನು?’

‘ಗಾಳಿ ಎಲ್ಲೈತಿ? ನಿನಗ ಯಾರರ ಆಗದವರನ್ನ ಹುಡುಕಬೇಕು.’

‘ಈ ವಯಸ್ಸಿನ್ಯಾಗ ಎಲ್ಲಿಂದ ತರಲೋ?’

ಅವನು ನಕ್ಕ. ಆ ಹೊಗೆಯ ವಾಸನೆ ಮೂಗಿನಲ್ಲಿರುವಾಗ ನಾವು ಇನ್ನೂ ಸ್ವಲ್ಪ ಕೂತೆವು. ಆಮೇಲೆ, ತನ್ನ ಮನೆಯಲ್ಲಿ ರೊಟ್ಟಿ ಆರುತ್ತವೆ ಎಂದು ನನ್ನನ್ನು ಎಬ್ಬಿಸಿದ. ಅವನ ಹೆಗಲು ಹಿಡಿದು ನಡೆದೆ. ಕಾಲಿಗೆ ತಣ್ಣನೆಯ ಕಲ್ಲು ತಾಗಿತು.

‘ಹೊಸ್ತಿಲ ಬಂತು, ಕಾಲೆತ್ತು’ ಅಂದ.

ಎತ್ತಿದೆ.